ಫ್ಯಾನಿಲ್ಲದ ಪೆಟ್ಟಿಗೆ

"ನಾಯಿ ಕಾಟಕ್ಕೆ ನಿದ್ದೆ ಬರಲಿಲ್ವಾ?" ಎಂದು ಅವನು ಬೂಟಿನ ದಾರ ಕಟ್ಟುತ್ತಾ ಕೇಳಿದ. ಒಲೆಯ ಕಡೆ ಮುಖ ಮಾಡಿ ನಿಂತಿದ್ದ ಹೆಂಡತಿ ತಿರುಗದೆಯೇ, "ಹೂಂ, ಆ ನಾಯಿಯಿಂದಾನೇ," ಎಂದಳು. ಅವಳ ಕಣ್ಣುಗಳು ಊದಿಕೊಂಡಿದ್ದವು. ರಾತ್ರಿಯೆಲ್ಲ ಮಗ್ಗುಲು ಬದಲಿಸುತ್ತಿದ್ದುದು ಅವನಿಗೆ ಅರೆನಿದ್ದೆಯಲ್ಲೂ ತಿಳಿದಿತ್ತು. ಸದ್ಯ, ಕಾರಣ ಸಿಕ್ಕಿತಲ್ಲ ಎಂದು ಅವನಿಗೆ ಸಮಾಧಾನವಾಯಿತು. ಯಾವುದಕ್ಕೇ ಆಗಲಿ ಒಂದು ಕಾರಣ ಸಿಕ್ಕಿಬಿಟ್ಟರೆ ಅವನು ಅಲ್ಲಿಗೆ ಕೈತೊಳೆದುಕೊಳ್ಳುವ ಪೈಕಿ. "ಪಕ್ಕದವರಿಗೆ ಒಂದು ಮಾತು ಹೇಳ್ತೀನಿ ಬಿಡು," ಎಂದು ಚೀಲವನ್ನು ಹೆಗಲಿಗೇರಿಸಿ ಮನೆಯ ಯಜಮಾನನ ಗತ್ತಿನಲ್ಲಿ ಮೆಟ್ಟಿಲಿಳಿದ. ಪಕ್ಕದ ಮನೆಯ ಗೇಟಿಗೆ ಬೀಗ ಹಾಕಿತ್ತು. ಒಳಗೆ ನಾಯಿಯ ಸರಪಳಿ ಕಂಬಕ್ಕೆ ಸುತ್ತಿಕೊಂಡಿತ್ತು, ಬೋಗುಣಿ ಬೋರಲು ಬಿದ್ದಿತ್ತು. ಆಗ ನೆನಪಾಯಿತು, ಅವರು ಮನೆ ಖಾಲಿ ಮಾಡಿಕೊಂಡು ಹೋಗಿ ಎಷ್ಟೋ ದಿನವಾಗಿತ್ತು. ಸಾಮಾನಿನ ಲಾರಿ ಹೊರಡುವಾಗ ಗೇಟು ಹಿಡಿದುಕೊಂಡು ನಿಂತವನು ಇವನೇ. ಡ್ರೈವರ್ ಪಕ್ಕದ ಸೀಟಿನಲ್ಲಿ ದೊಡ್ಡ ಮನುಷ್ಯರ ಹಾಗೆ ಕೂತಿದ್ದ ನಾಯಿಯನ್ನು ನೋಡಿ, ಇನ್ನು ಮೇಲೆ ನಮ್ಮ ಬೀದಿಗೆ ಯಜಮಾನರೇ ಇಲ್ಲ ಎಂದು ತಮಾಷೆ ಮಾಡಿದವನೂ ಇವನೇ. ಹಾಗಾದರೆ ರಾತ್ರಿ ಬೊಗಳಿದ್ದು ಯಾವ ನಾಯಿ? ಯಾವ ನಾಯಿಯೂ ಬೊಗಳಿರಲಿಲ್ಲ. ಇಲ್ಲದ ನಾಯಿಯ ಮೇಲೆ ಅವನು ಒಂದು ದೂರು ಹುಟ್ಟಿಸಿ ಕೊಟ್ಟಿದ್ದ, ಅವಳು ಹೂಂ ಎಂದು ತೆಗೆದುಕೊಂಡಿದ್ದಳು. ವಾಪಸ್ಸು ಹತ್ತಿ ಹೋಗಿ ಕೇಳಿಬಿಡಲೇ ಎಂದು ಒಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟ. ಬಸ್ಸು ಬರುವ ಹೊತ್ತಾಗಿತ್ತು.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದರೂ ಹೊರಗೆ ನೋಡಲು ಮನಸ್ಸಾಗಲಿಲ್ಲ. ಮದುವೆಯಾದ ಹೊಸತರಲ್ಲಿ ಅವಳು ಗೊಣಗುವುದರಲ್ಲಿ ಎತ್ತಿದ ಕೈ. ನಲ್ಲಿ ಸೋರುವುದು, ಅವನು ಒದ್ದೆ ಟವೆಲನ್ನು ಕುರ್ಚಿಯ ಮೇಲೆ ಒಗೆಯುವುದು, ಮಾತಿನ ನಡುವೆ ಪೇಪರು ಬಿಡಿಸುವುದು, ಯಾವುದನ್ನೂ ಬಿಟ್ಟವಳಲ್ಲ. ಒಮ್ಮೆ ಅವನ ಗೊರಕೆಯನ್ನು ಮನೆಗೆ ಬಂದ ನೆಂಟರ ಮುಂದೆ ಅನುಕರಿಸಿ ತೋರಿಸಿ ಎಲ್ಲರನ್ನೂ ನಗಿಸಿದ್ದಳು, ಅವಳ ತಮ್ಮ, ಇವನ ಭಾವಮೈದುನ, ನಕ್ಕು ನಕ್ಕು ನೆಲದ ಮೇಲೆ ಉರುಳಿದ್ದ. ಆಗ ಆ ಭಾವಮೈದುನ ಕಾಲೇಜಿನ ಹುಡುಗ. ಈಗ ಸೈನಿಕನಾಗಿ ಗಡಿಯ ಠಾಣೆಯಲ್ಲಿ ಕಾವಲಿಗಿದ್ದಾನೆ. ಫೋನ್ ಮಾಡಿದಾಗ ಹೇಗಿದ್ದೀಯೋ ಎಂದರೆ, "ಚೆನ್ನಾಗಿದ್ದೀನಿ ಭಾವ, ಅಕ್ಕಂಗೆ ಕೊಡಿ," ಎನ್ನುತ್ತಾನೆ. ಅಕ್ಕ ಫೋನ್ ಹಿಡಿದು ಒಳಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಳ್ಳುತ್ತಾಳೆ. ಅಕ್ಕ ತಮ್ಮ ಊರ ಸುದ್ದಿ ಮಾತಾಡಿಕೊಳ್ಳಲಿ ಎಂದು ಇವನು ಟೀವಿ ಸದ್ದು ಜಾಸ್ತಿ ಮಾಡುತ್ತಾನೆ. ಹೆಂಡತಿಯ ಗೊಣಗಾಟ ನಿಂತದ್ದು ಯಾವಾಗ? ನಿಂತಾಗ ಅವನಿಗೆ ಗೊತ್ತೇ ಆಗಿರಲಿಲ್ಲ. ಗೊತ್ತಾದಾಗ, ವಯಸ್ಸಾಯಿತು, ಮಾಗಿದ್ದಾಳೆ ಎಂದುಕೊಂಡ. ನಮ್ಮ ಮನೆಯಲ್ಲಿ ಜಗಳ ಅನ್ನೋದೇ ಇಲ್ಲಪ್ಪ ಎಂದು ಆಫೀಸಿನಲ್ಲಿ ಹೇಳಿಕೊಂಡೂ ತಿರುಗಿದ. ಮಂಡಿ ನೋವಾ ಎಂದರೆ ಹೂಂ ಮಂಡಿ ನೋವು, ತಲೆ ಭಾರಾನಾ ಎಂದರೆ ಹೂಂ ತಲೆ ಭಾರ. ಅವನು ಕೊಟ್ಟ ಕಾಯಿಲೆಗಳನ್ನೆಲ್ಲ ಅವಳು ಒಂದೊಂದಾಗಿ ತೆಗೆದುಕೊಂಡಿದ್ದಳು. ಅವನು ಮಾತ್ರೆ ತಂದುಕೊಟ್ಟಿದ್ದ, ಅವಳು ನುಂಗಿಯೂ ಇದ್ದಳು.

ಇದರಲ್ಲಿ ತಮಾಷೆ ಏನೆಂದರೆ, ಗೊಣಗುವುದನ್ನು ಕೇಳುವುದೇ ಅವನ ಹೊಟ್ಟೆಪಾಡು. ದೇಶದಿಂದ ಹೊರಗೆ ಹೋಗುವ ಕೆಲವು ಸಾಮಾನುಗಳಿಗೆ ಅವನಿದ್ದ ಆಫೀಸಿನ ಅನುಮತಿ ಬೇಕು. ಡ್ರೋನುಗಳ ಮೋಟಾರು, ಕ್ಯಾಮೆರಾ, ದಾರಿ ಹಿಡಿಸುವ ಪೆಟ್ಟಿಗೆ, ಹೀಗೆ ತೋಟಕ್ಕೂ ಆಗುವ, ಯುದ್ಧಕ್ಕೂ ಆಗುವ ವಸ್ತುಗಳು. ಗಡಿಯಾಚೆಯ ಶತ್ರುದೇಶಕ್ಕೆ ಇವನ್ನು ಯಾರೂ ಮಾರುವಂತಿಲ್ಲ. ಅದಕ್ಕೇ ಆ ದೇಶ ನೇರವಾಗಿ ಕೇಳುವುದಿಲ್ಲ. ಮೂರನೆಯ ದೇಶದಲ್ಲಿ ಒಂದು ಹೆಸರು ಹುಟ್ಟುತ್ತದೆ, ಆ ಹೆಸರಿಗೆ ಒಂದು ಬೋರ್ಡು, ಬೋರ್ಡಿಗೊಂದು ಫೋಟೋ, ಫೋಟೋಕ್ಕೊಂದು ಸೀಲು. ಸಿನಿಮಾ ಕಂಪನಿ ಅನ್ನುತ್ತಾರೆ, ನದಿ ಅಳೆಯುವವರು ಅನ್ನುತ್ತಾರೆ, ಹಣ್ಣಿನ ತೋಟ ಅನ್ನುತ್ತಾರೆ. ನಿಜವಾಗಿ ತೋಟ ಇದೆಯೋ, ತೋಟದ ಚಿತ್ರ ಮಾತ್ರ ಇದೆಯೋ ಎಂದು ಫೋನಿನಲ್ಲಿ ಕೂತಲ್ಲೇ ಕಂಡುಹಿಡಿಯುವುದು ಅವನ ಕೆಲಸ. ಅದಕ್ಕೆ ಅವನು ತನ್ನದೇ ಒಂದು ದಾರಿ ಮಾಡಿಕೊಂಡಿದ್ದ. ಹೊಸದಾಗಿ ಸೇರಿದವರಿಗೆ ಪಾಠ ಹೇಳುವಾಗ ಕೈ ಬೆನ್ನಿಗೆ ಕಟ್ಟಿ ಅತ್ತಿಂದಿತ್ತ ನಡೆಯುತ್ತಾ ಹೇಳುತ್ತಿದ್ದ: ಸಾಮಾನನ್ನು ದಿನಾ ಬಳಸುವವನು ಅದನ್ನು ಬೈಯದೆ ಇರಲಾರ. ಬ್ಯಾಟರಿ ಬೈತಾನೆ, ಗಾಳಿಯನ್ನು ಬೈತಾನೆ, ಮಾಡಿದವರ ಮನೆ ಹಾಳಾಗ ಅಂತಾನೆ. ಎಲ್ಲಾ ಚೆನ್ನಾಗಿದೆ ಸಾರ್ ಅನ್ನೋನು ಪೆಟ್ಟಿಗೆ ತೆರೆದೇ ಇಲ್ಲ, ತೆರೆಯದೆ ಬೇರೆಯವರಿಗೆ ದಾಟಿಸಿದ್ದಾನೆ. ಅವನನ್ನು ನಂಬಬೇಡಿ, ಗೊಣಗುವವನನ್ನು ನಂಬಿ. ಈ ಪಾಠದಿಂದಾಗಿ ಆಫೀಸಿನಲ್ಲಿ ಅವನಿಗೆ ಕಿವಿ ಸಾಹೇಬರು ಎಂಬ ಹೆಸರು ಬಿದ್ದಿತ್ತು. ಬೆನ್ನ ಹಿಂದೆ ಕರೆಯುತ್ತಿದ್ದರು, ಅವನಿಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಆಫೀಸಿನ ಪಡಸಾಲೆಯ ಬೆಂಚಿನ ಮೇಲೆ ಪೆಟ್ಟಿಗೆ ಮಾಡುವಾಕೆ ಆಗಲೇ ಬಂದು ಕೂತಿದ್ದಳು. ಊರಾಚೆ ಒಂದು ಸಣ್ಣ ಕಾರ್ಖಾನೆ ಆಕೆಯದು. ಆಕೆಯ ಪೆಟ್ಟಿಗೆ ಇದ್ದರೆ ಉಪಗ್ರಹದಿಂದ ಬರುವ ಸೂಚನೆ ತಪ್ಪಿದರೂ ಡ್ರೋನು ದಾರಿ ತಪ್ಪುವುದಿಲ್ಲ, ಅಂಗೈಯಗಲದ ಆ ಪೆಟ್ಟಿಗೆಯನ್ನು ಆಕೆ ಮಗುವಿನ ಹಾಗೆ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಳು. ಪರದೇಶದ ಬೆಟ್ಟದ ಮೇಲಿನ ಹಣ್ಣಿನ ತೋಟವೊಂದು ಪರೀಕ್ಷೆಗೆಂದು ಒಂದೆರಡನ್ನು ತರಿಸಿಕೊಂಡಿತ್ತು, ಅದಕ್ಕೆ ಅನುಮತಿ ಕೊಟ್ಟವನೂ ಇವನೇ. ಈಗ ಅವರು ಕಾರ್ಖಾನೆಗೆ ವರ್ಷವಿಡೀ ಕೆಲಸವಾಗುವಷ್ಟು ಬೇಕೆಂದಿದ್ದರು. ಸಂಜೆಯೊಳಗೆ ಇವನು ಸಹಿ ಹಾಕಬೇಕು, ಇಲ್ಲವೆ ಆಗುವುದಿಲ್ಲ ಎನ್ನಬೇಕು. ತೋಟ ನಿಜವಾದರೆ ಇಳಿಜಾರಿನ ಮರಗಳಿಗೆ ಔಷಧಿ ಬೀಳುತ್ತದೆ. ಸುಳ್ಳಾದರೆ ಆ ಪೆಟ್ಟಿಗೆಗಳೆಲ್ಲ ಇನ್ನೊಂದು ದಾರಿ ಹಿಡಿದು, ಭಾವಮೈದುನನಿರುವಂಥ ಠಾಣೆಗಳ ನೆತ್ತಿಗೆ ಬಂದು ನಿಲ್ಲುತ್ತವೆ. "ಸಾರ್, ನನ್ನ ಹುಡುಗೀರು ಕೈ ಕಟ್ಟಿ ಕೂತಿದಾರೆ. ನೀವು ಫೋನಲ್ಲಿ ಅದೇನು ಹರಟೆ ಹೊಡೀತೀರೋ, ಬೇಗ ಮುಗಿಸಿ," ಎಂದಳು ಆಕೆ. ಆಕೆಯ ಬಾಯಿ ಸ್ವಲ್ಪ ಜೋರು. ಅದಕ್ಕೇ ಇವನಿಗೆ ಆಕೆಯನ್ನು ಕಂಡರೆ ನಂಬಿಕೆ.

ಇವನ ಮೇಲಧಿಕಾರಿ, ಎಲ್ಲರೂ ಬರೀ ಮೇಡಂ ಎನ್ನುವ ಗಿಡ್ಡ ಹೆಂಗಸು, ಬಾಗಿಲಲ್ಲಿ ತಲೆ ಹಾಕಿ, "ಆ ತೋಟದ ವಿಷಯ ನಿಮ್ಮ ಕಿವಿ ಏನು ಹೇಳುತ್ತೆ?" ಎಂದರು. "ಒಳ್ಳೆ ಗೊಣಗಪ್ಪ ಮೇಡಂ," ಎಂದ ಇವನು, ರೂಢಿಯ ನಗೆ ನಕ್ಕು. ಅವರು ಹೋದ ಮೇಲೆ ನಗೆ ಮುಖದ ಮೇಲೆ ಹಾಗೇ ಅಂಟಿಕೊಂಡಿತು. ತೋಟದವನು ಅವನಿಗೆ ಅಷ್ಟು ಹತ್ತಿರದವನಾಗಿದ್ದ. ಮುಖ ಕಂಡಿಲ್ಲ, ದನಿ ಮಾತ್ರ, ಸ್ವಲ್ಪ ದಣಿದ ಮೇಷ್ಟರ ದನಿ. ಆ ದನಿಯ ಹಿಂದೆ ಒಂದು ಕುರ್ಚಿ ಯಾವಾಗಲೂ ಕಿರುಗುಟ್ಟುತ್ತಿತ್ತು. ಇಬ್ಬನಿಗೆ ಪ್ಲಗ್ಗು ತುಕ್ಕು ಹಿಡಿಯುತ್ತದೆ, ಹದ್ದುಗಳು ಡ್ರೋನಿನ ಮೇಲೆ ಎರಗುತ್ತವೆ, ಮುಚ್ಚಳ ಬಿಗಿ ಮಾಡದೆ ಬಿಡುವ ಆಳು ಒಬ್ಬನಿದ್ದಾನೆ, ಅವನಿಗೆ ಹೇಳಿ ಹೇಳಿ ನಾಲಿಗೆ ಸವೆಯಿತು ಎಂದೆಲ್ಲ ನಕ್ಕು ಹೊಟ್ಟೆ ಹುಣ್ಣಾಗುವ ಹಾಗೆ ಹೇಳುತ್ತಿದ್ದ. ಆ ಆಳು ಕೊನೆಗೆ ತನ್ನ ಊಟದ ಡಬ್ಬಿಯ ಮುಚ್ಚಳವನ್ನೂ ಬಿಗಿ ಮಾಡದೆ ಸಾರನ್ನೆಲ್ಲ ಚೀಲಕ್ಕೆ ಕುಡಿಸಿದ ಕಥೆಯನ್ನು ಇವನು ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ್ದ. ಹೇಳುತ್ತಾ ತಾನೇ ನಕ್ಕಿದ್ದ. ಅವಳು "ಹೌದಾ," ಎಂದಿದ್ದಳು. ಹೌದಾ ಎಂದಾಗ ಅವಳ ಮುಖ ಹೇಗಿತ್ತು? ನೆನಪಿಗೆ ಬರಲೊಲ್ಲದು. ತಟ್ಟೆಯ ಅಂಚಿನಲ್ಲಿದ್ದ ಉಪ್ಪು ನೆನಪಿದೆ, ಹೆಂಡತಿಯ ಮುಖ ನೆನಪಿಲ್ಲ.

ಬೆಳಗಿನ ಆ ಹೂಂ ಕಿವಿಯಲ್ಲೇ ಕೂತಿತ್ತು. ಅದಕ್ಕೋ ಏನೋ, ಯಾವತ್ತೂ ಇಲ್ಲದವನು ಅವತ್ತು ತೋಟದವನ ಹಳೆಯ ಕರೆಗಳನ್ನು ಕೇಳಬೇಕೆಂದುಕೊಂಡ. ಆಫೀಸಿನಿಂದ ಮಾಡುವ ಕರೆಗಳೆಲ್ಲ ಯಂತ್ರದಲ್ಲಿ ಉಳಿದಿರುತ್ತವೆ, ಯಾರೂ ಮತ್ತೆ ಕೇಳುವುದಿಲ್ಲ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಮೊಟ್ಟಮೊದಲ ಕರೆಯಿಂದ ಶುರುಮಾಡಿದ. "ಎಲ್ಲಾ ಚೆನ್ನಾಗಿದೆ ಸಾರ್. ಪೆಟ್ಟಿಗೆ ಬಹಳ ಚೆನ್ನಾಗಿ ಕೆಲಸ ಮಾಡ್ತಿದೆ. ಏನೂ ತೊಂದರೆ ಇಲ್ಲ." ತೋಟದವನು ಹೀಗೆ ಹೇಳಿದ್ದು ಇವನಿಗೆ ಮರೆತೇಹೋಗಿತ್ತು. ಅಲ್ಲಿಗೇ ಫೋನಿಟ್ಟು ಆಗುವುದಿಲ್ಲ ಎಂದು ಬರೆಯಬೇಕಿತ್ತು, ಪಾಠದ ಪ್ರಕಾರ. ಆಮೇಲೆ ಇನ್ನೊಂದು ದನಿ ಬಂತು. ಸಡಿಲವಾದ, ಆಪ್ತವಾದ, ತನ್ನ ಜಾಣತನಕ್ಕೆ ತಾನೇ ತಲೆದೂಗುವ ದನಿ. ಯಾರಪ್ಪ ಈ ಬಾಯಾಳಿ ಎಂದುಕೊಳ್ಳುವಷ್ಟರಲ್ಲಿ ಅದು ತನ್ನದೇ ಎಂದು ತಿಳಿಯಿತು. "ಅಯ್ಯೋ, ಏನೂ ತೊಂದರೆ ಇಲ್ಲ ಅಂದ್ರೆ ಹೇಗೆ? ಬೆಟ್ಟದ ಮೇಲೆ ಇಬ್ಬನಿ ಬೀಳುತ್ತಲ್ಲ, ಪ್ಲಗ್ಗು ತುಕ್ಕು ಹಿಡಿಯಲ್ವಾ? ಹದ್ದುಗಳು ಸುಮ್ನೆ ಬಿಡ್ತಾವಾ? ಆಳುಗಳು ಮುಚ್ಚಳ ಬಿಗಿ ಮಾಡದೆ ಬಿಟ್ಟಿರ್ತಾರೆ, ನೋಡಿ ಬೇಕಾದ್ರೆ." ಕುರ್ಚಿ ಕಿರುಗುಟ್ಟಿತು. "ಹೌದು ಸಾರ್," ಎಂದ ತೋಟದವನು ನಿಧಾನವಾಗಿ. "ಮುಚ್ಚಳದ್ದಂತೂ ಕೇಳಲೇಬೇಡಿ." ಮುಂದಿನ ಕರೆಯಲ್ಲಿ ಇಬ್ಬನಿ ಬಂತು, ಅದರ ಮುಂದಿನದರಲ್ಲಿ ಹದ್ದು, ಅದರ ಮುಂದಿನದರಲ್ಲಿ ಊಟದ ಡಬ್ಬಿ ಸಮೇತ ಆಳು. ಇವನು ಬಿತ್ತಿದ್ದನ್ನೇ ಅವನು ಬೆಳೆಸಿ, ಒಪ್ಪ ಮಾಡಿ, ಇವನ ಬಾಗಿಲಿಗೇ ತಂದು ಸುರಿದಿದ್ದ. ಇಷ್ಟು ದಿನ ಇವನು ಕಿವಿಗೊಟ್ಟು ಕೇಳಿ ತಲೆದೂಗಿದ್ದು ತನ್ನ ಮಾತಿಗೇ. ಯಾಕೆ ಹಾಗೆ ಬಾಯಿ ಬಿಟ್ಟೆ ಎಂದು ಹಿಂದಕ್ಕೆ ಹೋಗಿ ನೋಡಿಕೊಂಡರೆ ದೊಡ್ಡ ಕಾರಣವೇನೂ ಇರಲಿಲ್ಲ. ಆ ದಣಿದ ದನಿ ಕೇಳಿ ಪಾಪ ಅನ್ನಿಸಿತ್ತು. ಮಾತು ಮುಂದುವರಿಯಲಿ ಅನ್ನಿಸಿತ್ತು. ಮನೆಯಲ್ಲಿ ಮಾತು ಕಡಿಮೆಯಾದದ್ದೂ ಹೆಚ್ಚುಕಡಿಮೆ ಆ ದಿನಗಳಲ್ಲೇ.

ಆದರೂ ಇಷ್ಟರಿಂದಲೇ ಅವನನ್ನು ಕಳ್ಳ ಎನ್ನಲಾದೀತೇ? ಬೆಟ್ಟದಲ್ಲಿ ಇಬ್ಬನಿ ಬೀಳುವುದು ಸುಳ್ಳಲ್ಲ. ಹದ್ದುಗಳು ಇರುತ್ತವೆ. ಸೋಮಾರಿ ಆಳು ಜಗತ್ತಿನಲ್ಲಿ ಎಲ್ಲಿಲ್ಲ? ಇವನು ಸುಮ್ಮನೆ ಊಹಿಸಿದ್ದು ಅಲ್ಲಿ ನಿಜವೇ ಇದ್ದಿರಬಹುದು. ತೋಟ ಇರಲಿ, ತೋಟದವನು ಇರಲಿ ಎಂದು ಮನಸ್ಸು ಒಳಗೊಳಗೇ ಗೋಗರೆಯುತ್ತಿತ್ತು, ಇವನಿಗೇ ನಾಚಿಕೆಯಾಗುವಷ್ಟು. ಆಗ ಬೀಗ ಹಾಕಿದ ಗೇಟು, ಬೋರಲು ಬಿದ್ದ ಬೋಗುಣಿ ಕಣ್ಣ ಮುಂದೆ ಬಂದವು. ಇಲ್ಲದ ನಾಯಿ. ಇವನು ಎದ್ದು ಪಡಸಾಲೆಗೆ ಹೋದ. ಬೆಂಚಿನ ಮೇಲೆ ಪೆಟ್ಟಿಗೆಯಾಕೆ ತೂಕಡಿಸುತ್ತಿದ್ದಳು. "ನಿಮ್ಮ ಪೆಟ್ಟಿಗೆಯಲ್ಲಿ ಫ್ಯಾನ್ ಇದೆಯಾ?" ಎಂದು ಕೇಳಿದ. ಆಕೆ ಕಣ್ಣುಜ್ಜಿಕೊಂಡು ಇವನ ಮುಖ ನೋಡಿದಳು. "ಫ್ಯಾನಾ? ಒಂದು ಹನಿ ನೀರು ಹೋಗಬಾರದು ಅಂತ ನಾಲ್ಕೂ ಕಡೆ ಮುಚ್ಚಿ ಅಂಟು ಹಾಕಿರ್ತೀವಿ. ಅದರೊಳಗೆ ಫ್ಯಾನ್ ಎಲ್ಲಿಂದ ಬರಬೇಕು ಸಾರ್? ಇಷ್ಟು ದಿನ ಏನು ತಪಾಸಣೆ ಮಾಡಿದ್ರಿ ನೀವು?" ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಗುಮಾಸ್ತ ಕಿಸಕ್ಕೆಂದ. ಇವನು ಏನೂ ಹೇಳದೆ ಒಳಗೆ ಬಂದು ಬಾಗಿಲು ಹಾಕಿಕೊಂಡು ಫೋನಿನ ಮುಂದೆ ಕೂತ.

"ಬನ್ನಿ ಬನ್ನಿ, ನಿಮ್ಮ ಫೋನೇ ಕಾಯ್ತಿದ್ದೆ," ಎಂದ ತೋಟದವನು. ಕುರ್ಚಿ ಕಿರುಗುಟ್ಟಿತು. ಆಳಿನ ಸುದ್ದಿ ಬಂತು, ಅವನಿಗೆ ಮದುವೆ ಗೊತ್ತಾಗಿದೆಯಂತೆ, ಮಂಟಪದಲ್ಲಿ ಏನೇನು ಬಿಗಿ ಮಾಡದೆ ಬಿಡುತ್ತಾನೋ ಎಂದು ಎಲ್ಲರಿಗೂ ಭಯವಂತೆ. ಬೇರೆ ದಿನವಾಗಿದ್ದರೆ ಇವನು ಬಿದ್ದು ಬಿದ್ದು ನಗುತ್ತಿದ್ದ. ಈಗಲೂ ನಗು ತುಟಿಯವರೆಗೆ ಬಂದೇ ಬಂತು, ಅದೇ ಸಂಕಟ. "ಅದಿರಲಿ," ಎಂದ, ಆದಷ್ಟು ಸಡಿಲವಾಗಿ. "ಆ ಪೆಟ್ಟಿಗೆ ಫ್ಯಾನಿನದೊಂದು ಗಲಾಟೆ ಇದೆ ಅಂತ ಬೇರೆ ಗಿರಾಕಿಗಳು ಹೇಳ್ತಿದ್ರು. ಗರ್ ಅನ್ನುತ್ತಂತೆ. ನಿಮಗೂ ಹಾಗೇ ಇದೆಯಾ?" ಹೇಳಿ ಮುಗಿಸಿ ಮನಸ್ಸಿನಲ್ಲೇ ಬೇಡಿಕೊಂಡ. ಇಲ್ಲ ಅನ್ನು. ಫ್ಯಾನ್ ಎಲ್ಲಿದೆ ಸಾರ್, ತಲೆ ಕೆಟ್ಟಿದೆಯಾ ನಿಮಗೆ ಅನ್ನು. ಬೈದುಬಿಡು ಮಾರಾಯ. ಅತ್ತ ಕಡೆಯಿಂದ ಅದೇ ಆಪ್ತ ನಿಟ್ಟುಸಿರು ಬಂತು. "ಅಯ್ಯೋ, ಆ ಫ್ಯಾನಿನ ಕಥೆ ಏನು ಕೇಳ್ತೀರಿ ಸಾರ್. ಧೂಳು ಕೂತು ಕೂತು ರೆಕ್ಕೆ ತಿರುಗೋದೇ ಇಲ್ಲ. ವಾರಕ್ಕೊಂದು ಸಲ ಬಿಚ್ಚಿ ಬ್ರಷ್ಷಲ್ಲಿ ಉಜ್ಜಬೇಕು. ನಮ್ಮ ಆಳಂತೂ ಅದನ್ನ ಉಜ್ಜೋಕೆ ಹೋಗಿ ಒಂದು ರೆಕ್ಕೆನೇ ಮುರಿದು ಹಾಕಿದ."

ಇವನು ಕಣ್ಣು ಮುಚ್ಚಿಕೊಂಡ. ತೋಟ ಹೋಯಿತು. ಇಳಿಜಾರು, ಇಬ್ಬನಿ, ಹದ್ದು, ಎಲ್ಲಾ ಹೋದವು. ಊಟದ ಡಬ್ಬಿ ಹಿಡಿದು ನಿಂತಿದ್ದ ಆ ಪೆದ್ದ ಆಳೂ ಹೋದ. ಆಳು ಹೋದದ್ದಕ್ಕೆ ಇವನಿಗೆ ನಿಜವಾಗಿಯೂ ದುಃಖವಾಯಿತು. ಉಳಿದದ್ದು ಯಾವುದೋ ಊರಿನ ಯಾವುದೋ ಕೋಣೆ, ಅಲ್ಲೊಂದು ಫೋನು, ಮಾತಾಡುವುದಕ್ಕೆಂದೇ ಸಂಬಳಕ್ಕಿಟ್ಟ ಒಬ್ಬ ಮನುಷ್ಯ. ಬೆಟ್ಟದ ತೋಟದಲ್ಲಿ ಓಡಾಡುವವನು ಪ್ರತಿ ಸಲವೂ ಅದೇ ಕಿರುಗುಟ್ಟುವ ಕುರ್ಚಿಯ ಮೇಲೆ ಕೂತಿರುತ್ತಾನೆಯೇ? ಇಷ್ಟು ದಿನ ಅದು ಕೇಳಿಸಿಯೂ ಇವನು ಕೇಳಿಸಿಕೊಂಡಿರಲಿಲ್ಲ. ನಮಸ್ಕಾರ ಹೇಳಿ ಫೋನಿಡಬೇಕಿತ್ತು, ನಿಯಮ ಇದ್ದದ್ದೂ ಹಾಗೇ. ಆದರೆ ಬಾಯಿಗೆ ಬೇರೆ ಮಾತು ಬಂತು. "ಇಲ್ಲಿವರೆಗೆ ನೀವು ಹೇಳಿದ್ದೆಲ್ಲ ನಾನು ಕೊಟ್ಟಿದ್ದು," ಎಂದ. "ನಿಮ್ಮದೇ ಆದದ್ದು ಒಂದು ಹೇಳಿ. ಒಂದೇ ಒಂದು." ಅತ್ತ ಕಡೆ ಸದ್ದಿಲ್ಲ. ಇವನು ಮಾತು ತುಂಬಲಿಲ್ಲ. ಇವನ ಬಾಳಿನಲ್ಲೇ ಬಹುಶಃ ಮೊದಲ ಸಲ ಒಬ್ಬರ ಮೌನವನ್ನು ಹಾಗೇ ಇರಲು ಬಿಟ್ಟ. ಬಹಳ ಹೊತ್ತಾದ ಮೇಲೆ ಮೇಷ್ಟರ ದನಿ ಬಂತು, ಆಪ್ತತೆಯ ಮೆರುಗಿಲ್ಲದೆ, ಬರಿಯ ದಣಿವಾಗಿ. "ನನ್ನ ಕುರ್ಚಿ ಕಿರುಗುಟ್ಟುತ್ತೆ ಸಾರ್. ಬೆನ್ನು ಹೋಗಿದೆ. ಯಾರಿಗೆ ಹೇಳಿದ್ರೂ ಕಿವಿಗೆ ಹಾಕ್ಕೊಳಲ್ಲ." ಆಮೇಲೆ ಫೋನು ಇಟ್ಟ ಸದ್ದು. ಇವನು ಇನ್ನೂ ಸ್ವಲ್ಪ ಹೊತ್ತು ಫೋನನ್ನು ಕಿವಿಗೆ ಹಿಡಿದುಕೊಂಡೇ ಇದ್ದ. ಅವನ ಬೆನ್ನುನೋವು ನಿಜ ಎಂಬುದರಲ್ಲಿ ಇವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಮೇಡಂ ಕೋಣೆಯಲ್ಲಿ ಇವನು ನಿಂತೇ ಹೇಳಿದ. ಕೂತುಕೊಳ್ಳಿ ಎಂದರೂ ಕೂರಲಿಲ್ಲ. ಇಬ್ಬನಿ ತಾನೇ ಕೊಟ್ಟದ್ದು, ಹದ್ದು ತಾನೇ ಕೊಟ್ಟದ್ದು ಎಂದು ಹೇಳುವಾಗ ಕಿವಿ ಬಿಸಿಯಾಯಿತು. ಮೇಡಂ ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಕೇಳಿದರು. ಗದರಿಸಿಬಿಟ್ಟರೆ ಒಳ್ಳೆಯದಿತ್ತು, ಅವರು ಗದರಿಸಲಿಲ್ಲ. "ಸಹಿಗೆ ಮುಂಚೆ ಗೊತ್ತಾಯ್ತಲ್ಲ, ಅಷ್ಟು ಸಾಕು. ಆದರೆ ಇದೇ ರೀತಿಯಲ್ಲಿ ಇದುವರೆಗೆ ನೀವು ಒಪ್ಪಿ ಕಳಿಸಿದವರು ಎಷ್ಟು ಜನ?" ಎಂದರು. "ತುಂಬಾ ಜನ ಮೇಡಂ." "ನಾಳೆಯಿಂದ ಎಲ್ಲಾ ಮತ್ತೆ ಕೇಳಿ. ಈ ಸಲ ಅವರ ದನಿ ಬೇಡ, ನಿಮ್ಮ ದನಿ ಕೇಳಿ. ನೀವು ಎಲ್ಲೆಲ್ಲಿ ಬಾಯಿ ಹಾಕಿದ್ದೀರೋ ಅಲ್ಲೆಲ್ಲ ಗುರುತು ಮಾಡಿ." ಬಾಗಿಲವರೆಗೆ ಬಂದವನನ್ನು ಮತ್ತೆ ಕರೆದರು. "ನಿಮ್ಮ ಭಾವಮೈದುನ ಆ ಕಡೆನೇ ಅಲ್ವಾ ಇರೋದು? ಹೇಗಿದ್ದಾರೆ?" "ಚೆನ್ನಾಗಿದ್ದಾನೆ ಮೇಡಂ," ಎಂದ. ಎಂದ ಮೇಲೆ ಆ ಮಾತು ತನ್ನ ಬಾಯಲ್ಲೇ ಹಿಟ್ಟಿನ ಹಾಗೆ ಅಂಟಿಕೊಂಡಿತು. ಎಲ್ಲಾ ಚೆನ್ನಾಗಿದೆ, ಏನೂ ತೊಂದರೆ ಇಲ್ಲ. ಠಾಣೆಯಿಂದ ಫೋನ್ ಮಾಡುವ ಆ ಹುಡುಗ ಒಂದು ಸಲವಾದರೂ ಗೊಣಗಿದ್ದುಂಟೇ?

ಪೆಟ್ಟಿಗೆಯಾಕೆಗೆ ಹೇಳುವುದು ಇನ್ನೂ ಕಷ್ಟವಾಯಿತು. "ಆಗಲ್ಲಮ್ಮ," ಎಂದ. "ಯಾಕೆ?" "ಕಾರಣ ಹೇಳೋ ಹಾಗಿಲ್ಲ." ಆಕೆ ಇವನ ಅಂಗಿಯ ಗುಂಡಿಯನ್ನೇ ನೋಡುತ್ತಾ, "ಫ್ಯಾನ್ ಇದ್ದಿದ್ರೆ ಆಗ್ತಿತ್ತಾ ಸಾರ್?" ಎಂದಳು. ವ್ಯಂಗ್ಯವೋ, ನಿಜವಾಗಿಯೂ ಕೇಳಿದಳೋ ತಿಳಿಯಲಿಲ್ಲ. "ನನ್ನ ಹುಡುಗೀರಿಗೆ ಏನಂತ ಹೇಳ್ಲಿ? ಒಬ್ಬೊಬ್ಬಳೂ ಕಣ್ಣಿಗೆ ಭೂತಗನ್ನಡಿ ಕಟ್ಕೊಂಡು ತಂತಿ ಕೂಡಿಸ್ತಾಳೆ. ನಮ್ಮ ಕೆಲಸದಲ್ಲಿ ತಪ್ಪೇನು?" ಬೇರೆ ಗಿರಾಕಿ ಬರುತ್ತಾರೆ, ದೇವರಿದ್ದಾನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಹೇಳಲು ಸಾಲಾಗಿ ಮಾತು ಬಂದು ನಿಂತವು. ಇವನು ಒಂದನ್ನೂ ಆಡಲಿಲ್ಲ. ಇವನು ಸುಮ್ಮನಿದ್ದುದನ್ನು ಆಕೆ ನೋಡಿದಳು. ಬಟ್ಟೆಯಲ್ಲಿ ಸುತ್ತಿದ ಪೆಟ್ಟಿಗೆಯ ಮೇಲೆ ಕೈಯಿಟ್ಟು, ದನಿ ತಗ್ಗಿಸಿ, "ಗಡಿ ಆಚೆಯವರ ಕೈಗೆ ಹೋಗ್ತಿತ್ತಾ?" ಎಂದಳು. ಇವನ ಕಣ್ಣು ಆ ಪೆಟ್ಟಿಗೆಯ ಮೇಲೇ ಇತ್ತು. ಆಕೆ ಎದ್ದು ಸೆರಗು ಕೊಡವಿಕೊಂಡಳು. "ಹಾಗಾದ್ರೆ ಬೇಡ ಬಿಡಿ," ಎಂದು ಪಡಸಾಲೆಯ ಉದ್ದಕ್ಕೂ ನಡೆದು ಹೋದಳು, ತಿರುಗಿ ನೋಡದೆ. ಆ ಕ್ಷಣಕ್ಕೆ ಇವನಿಗೆ ಆಕೆಯ ಕಾಲಿಗೆ ಬೀಳಬೇಕೆನ್ನಿಸಿತು. ಬೆಂಚಿನ ಮೇಲೆ ಆಕೆ ಕೂತಿದ್ದ ಜಾಗ ಇನ್ನೂ ಬೆಚ್ಚಗಿತ್ತು.

ಮನೆಗೆ ಬಂದಾಗ ಹೆಂಡತಿ ಒಣಗಿದ ಬಟ್ಟೆಗಳ ರಾಶಿಯನ್ನು ಮಂಚದ ಮೇಲೆ ಹಾಕಿಕೊಂಡು ಮಡಚುತ್ತಾ ಕೂತಿದ್ದಳು. ಹೊರಗೆ ಇನ್ನೂ ಸ್ವಲ್ಪ ಬೆಳಕಿತ್ತು. ಇವನು ಬೂಟು ಬಿಚ್ಚಿ ಎದುರಿಗೆ ಕೂತ. ದಾರಿಯುದ್ದಕ್ಕೂ ಒಂದೇ ಯೋಚನೆ. ಒಬ್ಬನನ್ನು ಇಲ್ಲದ ಫ್ಯಾನಿನಿಂದ ಹಿಡಿದೆ. ಇವಳು ಇಲ್ಲದ ನಾಯಿಗೆ ಹೂಂ ಅಂದಳು. ಆ ಲೆಕ್ಕದಲ್ಲಿ ಈ ಮನೆಯೂ ತೋಟವೇ, ಚಿತ್ರ ಮಾತ್ರ ಇರುವ ತೋಟ. ಒಳಗೆ ಯಾರೂ ವಾಸವಿಲ್ಲ. ಅವಳು ಎಂದೋ ಬಿಟ್ಟು ಹೋಗಿದ್ದಾಳೆ, ಬಟ್ಟೆ ಮಡಚಲು ಕೈಗಳನ್ನು ಮಾತ್ರ ಇಲ್ಲಿ ಬಿಟ್ಟಿದ್ದಾಳೆ. ಭಯವಾಯಿತು. ಭಯ ಎಂದರೆ ಇಷ್ಟು ಸಾದಾ ಆಗಿರುತ್ತದೆ ಎಂದು ಅವನು ತಿಳಿದಿರಲಿಲ್ಲ. "ಪಕ್ಕದ ಮನೆ ನಾಯಿ ಹೋಗಿ ಎಷ್ಟೋ ದಿನ ಆಯ್ತು," ಎಂದ. "ಹೌದು," ಎಂದಳು ಅವಳು. "ಬೆಳಿಗ್ಗೆ ನಾಯಿಯಿಂದ ನಿದ್ದೆ ಇಲ್ಲ ಅಂದೆ." "ಹೂಂ." ಮೈ ಹುಷಾರಿಲ್ವಾ, ನನ್ನ ಮೇಲೆ ಬೇಜಾರಾ, ಡಾಕ್ಟರ ಹತ್ರ ಹೋಗೋಣ್ವಾ, ಮೂರೂ ಪ್ರಶ್ನೆಗಳು ನಾಲಿಗೆಯ ತುದಿಗೆ ಬಂದು ಒಂದನ್ನೊಂದು ನೂಕಾಡಿದವು. ಒಂದನ್ನೂ ಹೊರಗೆ ಬಿಡಲಿಲ್ಲ. ಅವಳು ಒಂದು ಲಂಗ ಮಡಚಿದಳು, ಒಂದು ದಿಂಬಿನ ಚೀಲ ಮಡಚಿದಳು. ಇನ್ನೊಂದನ್ನು ಎತ್ತಿಕೊಂಡವಳು, ಇವನು ಇನ್ನೂ ಏನೂ ಕೇಳಲಿಲ್ಲವಲ್ಲ ಎಂಬಂತೆ ತಲೆಯೆತ್ತಿ ನೋಡಿದಳು. ಇವನು ಕೂತೇ ಇದ್ದ.

"ನಾಯಿ ಇಲ್ಲ ಅಂತಾನೇ ನಿದ್ದೆ ಬರಲ್ಲ ಕಣ್ರೀ," ಎಂದಳು. ಅಷ್ಟು ಹೇಳಿ ದಿಂಬಿನ ಚೀಲವನ್ನು ಮಡಿಲಲ್ಲಿ ಸವರುತ್ತಾ ಮುಂದುವರಿಸಿದಳು, ಇವನ ಕಡೆ ನೋಡದೆ. "ತಮ್ಮ ಹೇಳಿದ್ದ. ಅಲ್ಲಿ ಠಾಣೆಯಲ್ಲಿ ಡ್ರೋನ್ ಬಂದ್ರೆ ಮೊದಲು ಗೊತ್ತಾಗೋದು ನಾಯಿಗಳಿಗಂತೆ. ಮನುಷ್ಯರ ಕಿವಿಗೆ ಬೀಳೋದು ಆಮೇಲೆ. ನಾಯಿ ಬೊಗಳಿದ ತಕ್ಷಣ ಇವರೆಲ್ಲ ಗುಂಡಿಗೆ ಇಳೀತಾರಂತೆ. ಅದಕ್ಕೇ ಊಟ ಬಂದ್ರೆ ಮೊದಲು ನಾಯಿಗೆ ಹಾಕಿ ಆಮೇಲೆ ತಾವು ತಿಂತಾರಂತೆ. ಇಲ್ಲಿಗೆ ಯಾವ ಡ್ರೋನೂ ಬರಲ್ಲ, ನಂಗೂ ಗೊತ್ತು, ತಲೆ ಕೆಟ್ಟಿಲ್ಲ ನಂಗೆ. ಆದ್ರೂ ರಾತ್ರಿ ಎಚ್ಚರ ಆದಾಗ ಆ ನಾಯಿ ಸುಮ್ನಿದ್ರೆ, ಸದ್ಯ, ಎಲ್ಲೂ ಏನೂ ಇಲ್ಲ, ಅವನೂ ಮಲಗಿದಾನೆ ಅಂದ್ಕೊಂಡು ನಾನೂ ಮಲಗ್ತಿದ್ದೆ. ಈಗ ಬೀದಿ ಸುಮ್ನಿದ್ರೆ ನಾಯಿ ಇಲ್ದೆ ಸುಮ್ನಿದೆಯೋ, ಏನೂ ಇಲ್ದೆ ಸುಮ್ನಿದೆಯೋ, ಹೇಗೆ ಗೊತ್ತಾಗಬೇಕು?" ದಿಂಬಿನ ಚೀಲವನ್ನು ಮಡಚಿ ಪಕ್ಕಕ್ಕಿಟ್ಟಳು. "ನಿಮಗೆ ಹೇಳಬೇಡ ಅಂದಿದ್ದ. ಭಾವಂಗೆ ಹೇಳಬೇಡಕ್ಕ, ಅವರ ಕೆಲಸಾನೇ ಅದು, ಬಂದ ಪ್ರತಿಯೊಂದು ಡ್ರೋನಿಗೂ ತಾನೇ ಕಾರಣ ಅಂತ ಕೊರಗ್ತಾರೆ ಅಂತ. ಒಂದು ಮುಚ್ಚಿಡೋಕೆ ಹೋದ್ರೆ ಯಾವುದನ್ನೂ ಬಾಯಿ ಬಿಡೋಕೆ ಆಗಲ್ಲ. ನೀವೇ ಏನಾದ್ರೂ ಒಂದು ಕೇಳ್ತಿದ್ರಿ, ನಾನು ಹೂಂ ಅಂದ್ರೆ ಅಲ್ಲಿಗೆ ಬಿಡ್ತಿದ್ರಿ. ಮಂಡಿ ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆ ಉರಿ ಬಂದಿದೆ ನಂಗೆ."

ಇವನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಹೂಂ ಎಂದವಳು ಸುಳ್ಳು ಹೇಳಿರಲಿಲ್ಲ. ತನ್ನದೇ ಅಳತೆಗೋಲು ಹಿಡಿದು, ಇನ್ನೊಂದು ಪ್ರಶ್ನೆ ಕೇಳುವ ತಾಳ್ಮೆಯಿಲ್ಲದೆ, ಬಸ್ಸಿನಲ್ಲಿ ಬರುತ್ತಾ ಇವನು ಅವಳನ್ನೂ ತೋಟದವನ ಪಕ್ಕದಲ್ಲಿ ಕೂರಿಸಿಬಿಟ್ಟಿದ್ದ. ಆ ತಪ್ಪು ಅವಳಿಗೆ ಎಂದೂ ಗೊತ್ತಾಗದಿರಲಿ ಎಂದುಕೊಂಡ. ಇವತ್ತು ಒಂದಷ್ಟು ಪೆಟ್ಟಿಗೆ ನಿಲ್ಲಿಸಿದೆ ಎಂದು ಹೇಳಲು ಬಾಯಿ ತೆರೆದ. ಅದು ಅವಳ ಮಾತಿನ ನಡುವೆ ಪೇಪರು ಬಿಡಿಸಿದ ಹಾಗಾಗುತ್ತದೆ ಎನ್ನಿಸಿ ಮುಚ್ಚಿದ. ರಾಶಿಯಿಂದ ತನ್ನದೇ ಒಂದು ಟವೆಲನ್ನು ಎಳೆದುಕೊಂಡು ಮಡಚತೊಡಗಿದ. "ಹಾಗಲ್ಲ, ಅಂಚಿಗೆ ಅಂಚು ಕೂಡಿಸಿ," ಎಂದಳು ಅವಳು. "ಇಷ್ಟು ವರ್ಷ ಆಯ್ತು, ಒಂದು ಟವೆಲ್ ಮಡಚೋಕೆ ಬರಲ್ಲ." ಅವನು ಅಂಚಿಗೆ ಅಂಚು ಕೂಡಿಸಿದ.

ಕತ್ತಲಾಗುತ್ತಾ ಬಂದಿತ್ತು. ದೀಪ ಹಾಕಲು ಇಬ್ಬರೂ ಏಳಲಿಲ್ಲ. ಅಂಗಿಯೊಂದನ್ನು ಮಡಚುತ್ತಿದ್ದ ಅವಳ ಕೈ ಇದ್ದಕ್ಕಿದ್ದಂತೆ ನಿಂತಿತು. ಯಾಕೆಂದು ಅವನಿಗೆ ತಿಳಿಯಲಿಲ್ಲ. ಆಮೇಲೆ, ಅವಳ ಕೈ ನಿಂತ ಎಷ್ಟೋ ಹೊತ್ತಿನ ಮೇಲೆ, ಬೀದಿಯ ಆಚೆ ತುದಿಯಿಂದ ಸಣ್ಣಗೆ ಗುಂಯ್ ಎನ್ನುವ ಸದ್ದು ಅವನ ಕಿವಿಗೂ ಬಿತ್ತು. ಈ ಕೈ ಹೀಗೆ ಊಟದ ನಡುವೆ, ಮಾತಿನ ನಡುವೆ ಎಷ್ಟು ಸಲ ನಿಂತಿತ್ತು? ಎಷ್ಟು ಸಲ ತಾನು ಎದುರಿಗೇ ಕೂತು ಟೀವಿ ನೋಡುತ್ತಿದ್ದೆ? ಬೈಕು ಕಣೆ, ಬರೀ ಬೈಕು ಎನ್ನುವ ಮಾತು ಗಂಟಲಿಗೆ ಬಂತು. ತಡೆದುಕೊಂಡ. ಸದ್ದು ಹತ್ತಿರವಾಯಿತು, ಕಿಟಕಿಯ ಗಾಜಿನ ಮೇಲೆ ಬೆಳಕೊಂದು ಹಾದುಹೋಯಿತು, ಸದ್ದು ತಿರುವಿನಲ್ಲಿ ಕಡಿಮೆಯಾಗುತ್ತಾ ಕಡಿಮೆಯಾಗುತ್ತಾ ಹೋಯಿತು. ಅವಳು ಕೊನೆಯವರೆಗೂ ಕೇಳಿದಳು, ಅವನೂ ಅವಳ ಜೊತೆ ಕೊನೆಯವರೆಗೂ ಕೇಳಿದ.

"ಬೈಕು," ಎಂದಳು ಅವಳು. ನಿಂತಿದ್ದ ಕೈ ಅಂಗಿಯ ತೋಳನ್ನು ಒಳಕ್ಕೆ ಮಡಚಿತು.